ಹಸಿರು ಬಟ್ಟೆಯ ‘ಕರ್ವಾಲೊ’

ನಿಮ್ಮ ಕಪಾಟಿನಲ್ಲೂ ಇಂಥದ್ದೊಂದು ಪುಸ್ತಕ ಇದ್ದೀತು. ಊರಿನಿಂದ ಬರುವಾಗ ತೂಕ ಹೆಚ್ಚಾಯಿತೆಂದು ಉಪ್ಪಿನಕಾಯಿ ಬಿಟ್ಟು ತಂದದ್ದು, ತಂದ ಮೇಲೆ ತೆರೆಯದೇ ಇಟ್ಟದ್ದು. ನನ್ನದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಎರಡು ವರ್ಷದ ಹಿಂದೆ ತೀರಿಕೊಂಡ ಅಪ್ಪನ ಪ್ರತಿ. ಅಂಟು ಬಿಟ್ಟ ಹಾಳೆಗಳಿಗೆ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ.

ಹೋದ ಬೇಸಿಗೆಯಲ್ಲಿ ಮೈಸೂರಿಗೆ ಹೋದಾಗ ಅದನ್ನು ಬೈಂಡಿಂಗ್‌ಗೆ ಕೊಟ್ಟೆ. ಅಂಚು ಕತ್ತರಿಸಬೇಡಿ ಅಂದೆ. “ಕತ್ತರಿಸದಿದ್ರೆ ಅಂದ ಬರಲ್ಲಮ್ಮ” ಅಂದರು. ಅಂಚಿನಲ್ಲಿದ್ದ ಅಪ್ಪನ ಪೆನ್ಸಿಲ್ ಗೀಚುಗಳನ್ನು ತೋರಿಸಿದ ಮೇಲೆ ಸುಮ್ಮನಾದರು. ನಾಲ್ಕು ದಿನಕ್ಕೆ ಕೈಗೆ ಬಂತು: ನೂಲಿನಲ್ಲಿ ಹೊಲಿದ ಬೆನ್ನು, ಕಡು ಹಸಿರು ಕ್ಯಾಲಿಕೊ ಬಟ್ಟೆ, ಮೇಲೆ ಬಂಗಾರದ ಬಣ್ಣದ ಅಕ್ಷರ. ತೆರೆದಿಟ್ಟರೆ ತೆರೆದೇ ಇರುತ್ತದೆ. ಮಕ್ಕಳಿಗೆ ಓದಿ ಹೇಳುವವರಿಗೆ ಇದರ ಬೆಲೆ ಗೊತ್ತು. ಒಂದು ಕೈ ಬಿಡುವಾಗುತ್ತದೆ.

ಈಗ ದಿನಾ ರಾತ್ರಿ ಒಂಬತ್ತು ವರ್ಷದ ಮಗಳಿಗೆ ಎರಡೆರಡು ಪುಟ ಓದುತ್ತೇನೆ. 1980ರಲ್ಲಿ ಬಂದ ಕಾದಂಬರಿ. ನಾನು ಮೊದಲು ಓದಿದ್ದು ಹದಿನಾಲ್ಕರಲ್ಲಿ. ಆಗ ನನಗೆ ಕಂಡದ್ದು ವಿಜ್ಞಾನಿ ಕರ್ವಾಲೊ ಒಬ್ಬರೇ. ಡಾಕ್ಟರೇಟ್ ಮಾಡಬೇಕು ಅನ್ನಿಸಿದ್ದರಲ್ಲಿ ಅವರ ಪಾಲೂ ಇದೆ. ಡಾಕ್ಟರೇಟ್ ಮುಗಿಸಿ ಓದಿದರೆ ಕಣ್ಣೆಲ್ಲ ಮಂದಣ್ಣನ ಮೇಲೆ. ಜೇನು ಬಲ್ಲ ಹಳ್ಳಿ ಹುಡುಗ, ಊರವರ ಕಣ್ಣಿಗೆ ಪೆದ್ದ. ಪಕ್ಕೆಲುಬಿನ ಚರ್ಮ ಬಿಚ್ಚಿ ತೇಲುವ ಆ ಹಾರುವ ಓತಿಯನ್ನು ನೋಡಿದವನು ಅವನೇ. ಕರ್ವಾಲೊ ಮಾಡಿದ ದೊಡ್ಡ ಕೆಲಸ ಅವನ ಮಾತನ್ನು ನಂಬಿದ್ದು.

ನಾನು ನಂಬುತ್ತಿದ್ದೆನೇ? ಲ್ಯಾಬಿನಲ್ಲಿ ಟೆಕ್ನಿಶಿಯನ್ ಒಬ್ಬರು ಇನ್‌ಕ್ಯುಬೇಟರ್ ಸರಿಯಿಲ್ಲ ಎಂದು ಎರಡು ಸಲ ಹೇಳಿದ್ದರು. ನಾನು ಒಂದು ತಿಂಗಳು ನನ್ನ ಗ್ರಾಫನ್ನೇ ನಂಬಿದೆ. ಆ ತಿಂಗಳ ಕೆಲಸವೆಲ್ಲ ಕಸದ ಬುಟ್ಟಿಗೆ ಹೋಯಿತು.

ಮನೆಯಲ್ಲಿ ಇನ್ನೂ ಕಷ್ಟ. ನಾವಿರುವುದು ಜರ್ಮನಿಯಲ್ಲಿ. ಮೊನ್ನೆ ಮಗಳು ಕಿಟಕಿಯಿಂದ ಕೂಗಿದಳು: “ಅಮ್ಮಾ, ಹಕ್ಕಿ ಮರದ ಮೇಲೆ ಉಲ್ಟಾ ನಡೀತಾನೆ!” ಜರ್ಮನ್‌ನಲ್ಲಿ ಹಕ್ಕಿ ಪುಲ್ಲಿಂಗ. ನಾನು ಅಡುಗೆಮನೆಯಿಂದಲೇ, “ನಡೀತಾನೆ ಅಲ್ಲ ಪುಟ್ಟಿ, ನಡೀತಿದೆ” ಅಂದೆ. ಅವಳು ತಿದ್ದಿಕೊಂಡಳು. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಹಕ್ಕಿ ಇರಲಿಲ್ಲ. ಇಲ್ಲಿ ‘ಕ್ಲೈಬರ್’ ಎಂಬ ಪುಟ್ಟ ಹಕ್ಕಿಯಿದೆ, ಕಾಂಡದ ಮೇಲೆ ತಲೆಕೆಳಗಾಗಿ ಇಳಿಯುತ್ತದೆ. ಅವಳು ನೋಡಿದ್ದು ಅದನ್ನೇ ಇರಬೇಕು. ನೀವೂ ಹೀಗೆ ಎಷ್ಟು ಹಕ್ಕಿ ಕಳೆದುಕೊಂಡಿದ್ದೀರೋ!

ನಿನ್ನೆ ಮಂದಣ್ಣನ ಒಂದು ಪುಟದ ಅಂಚಿನಲ್ಲಿ ಅಪ್ಪನ ಬರಹ ಸಿಕ್ಕಿತು. ಏನೋ ಒಳ್ಳೆಯ ಮಾತಿರಬೇಕು ಎಂದು ದೀಪ ಹತ್ತಿರ ಎಳೆದೆ. ಮಗಳು ನನಗಿಂತ ಮೊದಲೇ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು: “ಹಾ... ಲು. ನಾಲ್ಕು ಲೀ.” ಹಾಲಿನ ಲೆಕ್ಕ!

ನಾನು ಹೇಳಿಕೊಡದೆ ಅವಳು ಓದಿದ ಮೊದಲ ಕನ್ನಡ ಪದ ಅದು. “ಅಜ್ಜ ಅಷ್ಟು ಹಾಲು ಕುಡಿತಿತ್ತಾ?” ಅಂದಳು. ಈ ಸಲ ತಿದ್ದಲಿಲ್ಲ. ಕಾಫಿಗೆ ಬೇಕಿತ್ತು ಅಂದೆ.

ಹಾರುವ ಓತಿಯವರೆಗೆ ನಾವಿನ್ನೂ ಹೋಗಿಲ್ಲ.