ಪ್ರಾಂತಕ್ಕೆ ಪಾಲು ಬೇಕು, ಮಗಳಿಗೆ ಬೇಡವೆ?

ಕನ್ನಡ ನಾಡು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ ನಾವು ಪರರ ಜಗಲಿಯ ಮೇಲೆ ನಿಂತು ನಮ್ಮ ಪಾಲನ್ನು ಕೇಳಿದೆವು. ನಿಮಗೆ ಉಣ್ಣಲು ಉಡಲು ಏನು ಕಡಿಮೆಯಾಗಿದೆ ಎಂದವರಿಗೆ, ಇದು ಊಟದ ಮಾತಲ್ಲ, ಹಕ್ಕಿನ ಮಾತು ಎಂದು ಉತ್ತರ ಕೊಟ್ಟೆವು. 1956ನೆಯ ಇಸವಿಯ ನವೆಂಬರ 1ರಂದು ಆ ಪಾಲು ದೊರೆಯಿತು. ಅದೇ ವರುಷದ ಜೂನ ತಿಂಗಳಲ್ಲಿ ಹಿಂದೂ ವಾರಸಾ ಕಾಯದೆಯೂ ಜಾರಿಗೆ ಬಂದಿತ್ತು. ಪ್ರಾಂತಕ್ಕೆ ದೊರೆತ ನ್ಯಾಯಕ್ಕೆ ವರುಷ ವರುಷವೂ ತೋರಣ ಕಟ್ಟುವ ನಾವು, ಮಗಳಿಗೆ ದೊರೆತ ನ್ಯಾಯವನ್ನು ಕಚೇರಿಯ ಮೆಟ್ಟಿಲ ಬಳಿಯಲ್ಲಿಯೇ ಹೂಳುತ್ತಿರುವೆವು.

ವಿಜಯಪುರದ ಸೀಮೆಯಲ್ಲಿ ಮನೆಯ ಹಿರಿಯನು ತೀರಿಕೊಂಡ ಮೇಲೆ ನಡೆಯುವ ಕ್ರಮವು ನಮ್ಮ ವಾಚಕರಿಗೆ ಹೊಸದಲ್ಲ. ದಿನಕರ್ಮಗಳು ಮುಗಿಯುತ್ತಲೇ ಅಕ್ಕತಂಗಿಯರನ್ನು ಕರೆಯಿಸುವರು, ಉಡಿ ತುಂಬುವರು, ಒಂದು ಸೀರೆ, ಒಂದು ಕುಪ್ಪಸ ಕೊಡುವರು, ಆಮೇಲೆ ಹಕ್ಕು ಬಿಟ್ಟ ಪತ್ರಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಳ್ಳುವರು. ಪತ್ರದಲ್ಲಿ ಏನು ಬರೆದಿದೆ, ಬಿಟ್ಟ ಹೊಲದ ಬೆಲೆ ಎಷ್ಟು ಎಂಬುದನ್ನು ಅವಳಿಗೆ ಓದಿ ಹೇಳುವವರು ವಿರಳ. ಬಿಟ್ಟುಕೊಟ್ಟವಳು ತವರಿನ ದೀಪ, ಕೇಳಿದವಳು ಮನೆಮುರುಕಿ! ತಿಕೋಟೆ, ಹೊನವಾಡ, ಬಬಲೇಶ್ವರದ ಮಡ್ಡಿ ನೆಲವು ಮಳೆಯ ಬಾಯಿ ನೋಡುತ್ತಿದ್ದಾಗ ಈ ಅವಸರವು ಇಷ್ಟಿರಲಿಲ್ಲ. ದ್ರಾಕ್ಷಿಯ ತೋಟಗಳೆದ್ದು, ಏತನೀರಾವರಿಯ ನೀರು ಬಂದು, ನೆಲಕ್ಕೆ ಬೆಲೆ ಬಂದೊಡನೆ ಅಣ್ಣತಮ್ಮಂದಿರ ಪ್ರೀತಿಯು ಕಾಗದದ ರೂಪವನ್ನು ತಾಳಿತು.

ಹೆಣ್ಣಿಗೆ ನೆಲದ ಒಡೆತನವು ನಮ್ಮ ಸಂಪ್ರದಾಯವಲ್ಲ ಎಂದು ಕೆಲವು ಹಿರಿಯರು ಹೇಳುವರು. ಅವರು ಹೊನವಾಡಕ್ಕೆ ಹೋಗಿ ಬರಲಿ. ಶಕ 976, ಎಂದರೆ 1054ನೆಯ ಇಸವಿಯ ಶಾಸನದಲ್ಲಿ ಈ ಊರಿನ ಹೆಸರು ಪೊನ್ನವಾಡ, ಅದೊಂದು ಅಗ್ರಹಾರ. ಅದನ್ನು ಆಳುತ್ತಿದ್ದವಳು ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ರಾಣಿ ಕೇತಲದೇವಿ. ಚಾಂಕಿರಾಜನು ಇಲ್ಲಿ ತ್ರಿಭುವನತಿಲಕ ಜಿನಾಲಯವನ್ನು ಕಟ್ಟಿಸಿದ್ದು ಅವಳ ಆಳಿಕೆಯಲ್ಲಿಯೇ. ಅದೇ ವಂಶದ ಅಕ್ಕಾದೇವಿಯು ಕಿಸುಕಾಡನ್ನು ಆಳಿದ್ದಲ್ಲದೆ ಗೋಕಾವಿಯ ಕೋಟೆಗೆ ಮುತ್ತಿಗೆಯನ್ನೂ ಹಾಕಿದವಳು. ರಾಣಿಯರ ಮಾತು ಬೇರೆ, ರೈತರ ಮನೆಯ ಮಾತು ಬೇರೆ ಎನ್ನುವಿರೇನು? ಒಪ್ಪುವೆವು. ಆದರೆ ಚಾಲುಕ್ಯರ ವೈಭವವನ್ನು ಭಾಷಣದಲ್ಲಿ ಹೊಗಳುವಾಗ ಇಂಥ ಭೇದವನ್ನು ಮಾಡದವರು, ಹೆಣ್ಣಿನ ಮಾತು ಬಂದಾಗ ಮಾತ್ರ ಮಾಡುವದೇಕೆ?

ಧರ್ಮಶಾಸ್ತ್ರದ ಮಾತಿಗೂ ಬರೋಣ. ಬಂಗಾಲವೊಂದನ್ನು ಬಿಟ್ಟು ಬಹುತೇಕ ಹಿಂದುಸ್ಥಾನವೆಲ್ಲ ತಲೆಬಾಗಿದ ಮಿತಾಕ್ಷರೆಯು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ಗ್ರಂಥವು. ಅದು ಮಗನಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು, ಮಗಳಿಗೆ ಕೊಡಲಿಲ್ಲ. ಇದನ್ನು ಮುಚ್ಚಿಡುವದು ನಮಗೆ ಸಲ್ಲದು. ಆದರೆ ಸ್ತ್ರೀಧನವೆಂದರೆ ತವರಿನ ಬಳುವಳಿ ಮಾತ್ರವಲ್ಲ, ವಾರಸದಿಂದ, ಕ್ರಯದಿಂದ, ವಿಭಾಗದಿಂದ ಬಂದದ್ದೂ ಅವಳದೇ ಎಂದು ಅದೇ ವಿಜ್ಞಾನೇಶ್ವರನು ಹೇಳಿದನು. ಈ ವಿಶಾಲವಾದ ಅರ್ಥವನ್ನು ಕುಗ್ಗಿಸಿ, ವಾರಸದಿಂದ ಬಂದ ಆಸ್ತಿಯಲ್ಲಿ ವಿಧವೆಗೆ ಜೀವವಿರುವವರೆಗಿನ ಸೀಮಿತ ಹಕ್ಕು ಮಾತ್ರ ಎಂದು ಗಟ್ಟಿಮಾಡಿದ್ದು ಲಂಡನ್ನಿನ ಪ್ರಿವಿ ಕೌನ್ಸಿಲಿನ ನ್ಯಾಯಾಧೀಶರು. ಪರದೇಶಿ ವಸ್ತ್ರವನ್ನು ಸುಟ್ಟವರು ಈ ಪರದೇಶಿ ತೀರ್ಪನ್ನು ಸನಾತನಧರ್ಮವೆಂದು ಹೊದೆದುಕೊಂಡದ್ದು ವಿಚಿತ್ರವಲ್ಲವೆ?

ಪ್ರಾಂತವು ಒಡೆದಿದ್ದಾಗ ಹೆಣ್ಣಿನ ಹಕ್ಕೂ ಒಡೆದಿತ್ತು. ಮೈಸೂರು ಸಂಸ್ಥಾನವು 1933ರಲ್ಲಿಯೇ ಕಾಯದೆ ಮಾಡಿ, ಪಾಲಾಗುವಾಗ ತಾಯಿಗೂ ಮದುವೆಯಾಗದ ಮಗಳಿಗೂ ಒಂದು ಭಾಗವನ್ನು ಇಟ್ಟಿತು. ಮುಂಬಯಿ ಕರ್ನಾಟಕದ ನಮ್ಮ ವಿಧವೆಯರು 1937ರವರೆಗೆ ಕಾಯಬೇಕಾಯಿತು. ಆ ಕಾಯದೆಯೂ ಮಗಳಿಗೆ ಏನೂ ಕೊಡಲಿಲ್ಲ. ಮೇಲಾಗಿ 1941ರಲ್ಲಿ ಫೆಡರಲ್ ಕೋರ್ಟು ಅದು ಪ್ರಾಂತಗಳ ಬೇಸಾಯದ ಭೂಮಿಗೆ ಹತ್ತುವದಿಲ್ಲವೆಂದಿತು. ಹೊಲವೊಂದೇ ಆಸ್ತಿಯಾದ ನಾಡಿನಲ್ಲಿ ಹೊಲವನ್ನು ಬಿಟ್ಟ ಕಾಯದೆ! (ಮಗಳಿಗೆ ಮಗನ ಅರ್ಧದಷ್ಟು ಪಾಲನ್ನು ಮೊದಲಿನಿಂದಲೂ ವಿಧಿಸಿದ ಮುಸಲ್ಮಾನ ಬಂಧುಗಳ ಶಾಸ್ತ್ರಕ್ಕೂ ಇದೇ ಗತಿಯಾಯಿತು, 1937ರ ಶರಿಯತ್ ಕಾಯದೆಯು ಬೇಸಾಯದ ಭೂಮಿಯನ್ನು ಹೊರಗಿಟ್ಟಿತು.) ಏಕೀಕರಣವು ಬೇಕೆಂದು ನಾವು ಹೇಳುತ್ತಿದ್ದುದು ಬರಿಯ ಭಾಷೆಯ ಅಭಿಮಾನಕ್ಕಲ್ಲ.

ಏಕೀಕರಣವಾದ ಮೇಲಾದರೂ ಏನಾಯಿತು? 1956ರ ಕಾಯದೆಯು ತಂದೆಯ ಸ್ವಂತ ಆಸ್ತಿಯಲ್ಲಿ ಮಗಳನ್ನು ಮಗನಿಗೆ ಸಮನಾಗಿ ನಿಲ್ಲಿಸಿತು. ಪಿತ್ರಾರ್ಜಿತದ ಬಾಗಿಲನ್ನು ಮಾತ್ರ ಅರೆ ತೆರೆಯಿತು. ಇರುವ ಮನೆಯಲ್ಲಿ ಪಾಲು ಕೇಳಬೇಕಾದರೆ ಅಣ್ಣತಮ್ಮಂದಿರು ತಾವಾಗಿ ಪಾಲಾಗುವವರೆಗೆ ಅವಳು ಕಾಯಬೇಕಾಗಿತ್ತು. ಕರ್ನಾಟಕದ ತಿದ್ದುಪಡಿಯು 1994ರ ಜುಲೈ 30ರಿಂದ ಮಗಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟಿತಾದರೂ, ಅದಕ್ಕೆ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ವೈಶಾಖದಲ್ಲಿ ಅಕ್ಷತೆ ಬಿದ್ದ ಅಕ್ಕನಿಗೆ ಇಲ್ಲ, ಕಾರ್ತಿಕದಲ್ಲಿ ಬಿದ್ದ ತಂಗಿಗೆ ಉಂಟು! ಗಡಿಯಾಚೆ ಜತ್ತದ ಕನ್ನಡ ಮನೆಗಳಲ್ಲಿಯೂ ಇದೇ ಕಥೆ. ಮಹಾರಾಷ್ಟ್ರದ ಕಾಯದೆಯ ತಾರೀಖು ಜೂನ 22 ಎಂಬುದಷ್ಟೇ ಭೇದ. ಈ ಅನ್ಯಾಯವನ್ನು 2005ರ ಸಪ್ಟೆಂಬರ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿಯು ತೊಡೆಯಿತು. ಮನೆಯ ಪಾಲಿನ ಅಡ್ಡಿಯೂ ಆಗಲೇ ಹೋಯಿತು. ಬಳಿಕ, ಬೆಳಗಾವಿಯಲ್ಲಿ ಹುಟ್ಟಿದ ಒಂದು ವ್ಯಾಜ್ಯದಲ್ಲಿ, ಆ ದಿನ ತಂದೆ ಬದುಕಿರಬೇಕೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. 2020ರ ಆಗಸ್ಟ 11ರಂದು ಮೂವರು ನ್ಯಾಯಾಧೀಶರ ಪೀಠವು ಹಾಗಲ್ಲ, ಹಕ್ಕು ಹುಟ್ಟಿನದು ಎಂದು ತೀರ್ಮಾನಿಸಿತು.

ಹೊಲವು ತುಂಡಾಗುವದೆಂಬ ಆಕ್ಷೇಪವನ್ನು ಕೇಳಿ ನಮಗೆ ನಗೆಯೇ ಬರುವದು. ನಾಲ್ವರು ಅಣ್ಣತಮ್ಮಂದಿರು ಎಂಟೆಕರೆಯನ್ನು ಎರಡೆರಡಾಗಿ ಕತ್ತರಿಸಿಕೊಂಡಾಗ ತುಂಡಾಗದ ಹೊಲವು ತಂಗಿಯ ಹೆಸರು ಬಂದಾಗಲೇ ತುಂಡಾಗುವದೆ? ವರದಕ್ಷಿಣೆಯಲ್ಲಿ ಅವಳ ಪಾಲು ಹೋಯಿತೆಂಬ ವಾದವು ಇನ್ನೂ ಚೆಲುವಾದದ್ದು: 1961ರಿಂದ ಅಪರಾಧವಾದ ಕೊಡುಗೆಯನ್ನು, ಅದೂ ಅವಳ ಕೈಗಲ್ಲ, ಅವಳ ಮಾವನ ಕೈಗೆ ಕೊಟ್ಟು, ಅದನ್ನೇ ಅವಳ ಲೆಕ್ಕಕ್ಕೆ ಬರೆಯುವದು! ಪಂಚಮಿಯ ಉಂಡಿ ನಿಂತೀತೆಂಬ ಅಂಜಿಕೆಗೆ ಮಾತ್ರ ನಾವು ನಗಲಾರೆವು. ಅದು ನಿಜವಾದ ಅಂಜಿಕೆ. ಎಷ್ಟೋ ತಾಯಂದಿರು ಅದಕ್ಕಾಗಿಯೇ ಸಹಿ ಮಾಡುವರು. ಆದರೆ ತವರಿನ ಬಾಗಿಲು ಮುಚ್ಚುವವನು ಅಣ್ಣನು. ತಾನೇ ಅಗುಳಿ ಹಾಕುವೆನೆಂದು ಹೆದರಿಸಿ, ಬಾಂಧವ್ಯವು ಕೆಟ್ಟೀತೆಂದು ತಾನೇ ಕಣ್ಣೀರಿಡುವದು ಯಾವ ನ್ಯಾಯ?

ಅಕ್ಷರ ಬಲ್ಲ ಪಟ್ಟಣಿಗರಿಂದಲೂ ಶಾಲೆಯ ಗುರುಗಳಿಂದಲೂ ನಾವು ಬೇಡುವದು ಚಂದಾ ಹಣವಲ್ಲ. ಊರಲ್ಲಿ ಪತ್ರ ಬರೆಯಿಸುವಾಗ, ಓದಿಸುವಾಗ ಜನರು ನಿಮ್ಮ ಬಳಿಗೆ ಬರುವರು. ತಂದೆ ಬದುಕಿರುವಾಗ ಅವನ ಸ್ವಂತ ಆಸ್ತಿಯಲ್ಲಿ ಮುಂದೆ ಬರಬಹುದಾದ ವಾರಸವನ್ನು ಬಿಟ್ಟೆನೆಂದು ಬರೆಸಿದರೆ ಅದಕ್ಕೆ ಬೆಲೆಯಿಲ್ಲವೆಂದು ಹೇಳಿರಿ. 2004ರ ಡಿಸೆಂಬರ 20ಕ್ಕೆ ಮೊದಲು ನೋಂದಣಿಯಾದ, ಇಲ್ಲವೆ ಕೋರ್ಟಿನಿಂದ ಆದ ವಾಟ್ನಿಗಳು ಕದಲುವದಿಲ್ಲವೆಂಬುದನ್ನೂ ಹೇಳಿ, ಸುಳ್ಳು ಆಸೆಯನ್ನು ಹುಟ್ಟಿಸಬೇಡಿರಿ. ಸಹಿಗೆ ಮೊದಲು ಸರ್ವೆ ನಂಬರು, ಎಕರೆ, ಗುಂಟೆ, ಇಂದಿನ ಬೆಲೆ ಇವನ್ನು ಅವಳಿಗೆ ಅಣ್ಣನ ಎದುರಿನಲ್ಲಲ್ಲ, ಒಬ್ಬಳಿಗೇ ಓದಿ ತಿಳಿಸಿರಿ. ಅಷ್ಟು ತಿಳಿದ ಮೇಲೆಯೂ ಅವಳು ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ಮತ್ತು ಈ ಸಲ ನಿಮ್ಮ ಮನೆಯ ವಾರಸಾ ಅರ್ಜಿಯನ್ನು ಬರೆಯುವಾಗ, ಉತಾರದಲ್ಲಿ ನಿಮ್ಮ ಹೆಸರಿನ ಕೆಳಗೆ ನಿಮ್ಮ ತಂಗಿಯ ಹೆಸರನ್ನೂ ಬರೆಯಿಸಿರಿ.