ರವದಿಯ ಬೆಂಕಿ, ಊರಿನ ಉಸಿರು

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಸೀಮೆಯಲ್ಲಿ ಕಬ್ಬಿನ ಕಟಾವು ಆರಂಭವಾಯಿತೆಂದರೆ ಸಂಜೆಯ ಹೊತ್ತಿಗೆ ಹೊಲಗಳಿಂದ ಹೊಗೆ ಏಳುವುದು ವಾಡಿಕೆಯಾಗಿಬಿಟ್ಟಿದೆ. ಕಬ್ಬು ಕಾರ್ಖಾನೆಗೆ ಹೋದ ಬಳಿಕ ಉಳಿದ ರವದಿಗೆ ಬೆಂಕಿ ಹಚ್ಚುತ್ತಾರೆ. ಕೆಲವೆಡೆ ಕಡಿಯುವ ಮೊದಲೇ ನಿಂತ ಬೆಳೆಗೆ ಬೆಂಕಿ ಇಡುವುದೂ ಉಂಟು. ಪಟ್ಟಣಗಳಲ್ಲಿ ಅಂಗಳದ ತರಗೆಲೆ, ಕೈತೋಟದ ಕಸ ಬೀದಿಯ ಮೂಲೆಯಲ್ಲಿ ಉರಿಯುತ್ತವೆ. ಕಸ ಕಣ್ಮರೆಯಾಯಿತೆಂದು ನಾವು ನೆಮ್ಮದಿಪಡುತ್ತೇವೆ. ವಾಸ್ತವವಾಗಿ ಅದು ನೆಲವನ್ನು ಬಿಟ್ಟು ನೆರೆಹೊರೆಯವರ ಶ್ವಾಸಕೋಶವನ್ನು ಸೇರಿರುತ್ತದೆ.

ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಕಣಗಳೇ ಹೆಚ್ಚು ಅಪಾಯಕಾರಿ. 2.5 ಮೈಕ್ರಾನ್‌ಗಿಂತ ಚಿಕ್ಕದಾದ, ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೆಯ ಒಂದು ಪಾಲಿನಷ್ಟೂ ಇಲ್ಲದ ಈ ಕಣಗಳನ್ನು ಮೂಗು, ಗಂಟಲುಗಳು ಪೂರ್ಣವಾಗಿ ತಡೆಯಲಾರವು. ಅವು ಶ್ವಾಸಕೋಶದ ಆಳದ ಗಾಳಿಗೂಡುಗಳನ್ನು ತಲುಪುತ್ತವೆ. ಅತಿ ಸೂಕ್ಷ್ಮವಾದವು ರಕ್ತವನ್ನೂ ಸೇರುತ್ತವೆ. ಆದ್ದರಿಂದ ಹೊಗೆಯ ಕೇಡು ಕೆಮ್ಮು, ದಮ್ಮುಗಳಿಗೆ ಸೀಮಿತವಲ್ಲ. ಹೃದಯಾಘಾತ, ಪಾರ್ಶ್ವವಾಯುಗಳ ಸಂಭವವನ್ನೂ ಅದು ಹೆಚ್ಚಿಸುತ್ತದೆ; ಗರ್ಭಿಣಿಯರು ಸತತವಾಗಿ ಸೇವಿಸಿದರೆ ಶಿಶುವಿನ ತೂಕ ಕಡಿಮೆಯಾಗುವ ಸಾಧ್ಯತೆಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2013ರಲ್ಲಿ ಹೊರಾಂಗಣದ ವಾಯುಮಾಲಿನ್ಯವನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ಕಸದೊಡನೆ ಪಿವಿಸಿ ಪೈಪಿನ ತುಂಡುಗಳೂ ಉರಿದರೆ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುತ್ತದೆ.

ಕಟಾವಿನ ಕಾಲವೇ ಚಳಿಯ ಕಾಲವೂ ಆಗಿರುವುದು ಇನ್ನೊಂದು ತೊಡಕು. ಚಳಿಗಾಲದ ರಾತ್ರಿಗಳಲ್ಲಿ ನೆಲದ ಸಮೀಪದ ತಂಪುಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ನಿಲ್ಲುತ್ತದೆ. ಹೊಗೆ ಮೇಲೇರಲಾರದೆ ಬೆಳಗಿನವರೆಗೂ ಊರಿನ ಮೇಲೆಯೇ ತಂಗುತ್ತದೆ. ಮೊದಲು ನರಳುವವರು ಮಕ್ಕಳು, ವೃದ್ಧರು, ದಮ್ಮಿನ ರೋಗಿಗಳು. ಹೊಲದ ಬದಿಯ ಗುಡಿಸಲುಗಳಲ್ಲಿ ಕೂಸುಗಳೊಡನೆ ಬೀಡುಬಿಟ್ಟಿರುವ ಕಬ್ಬು ಕಡಿಯುವ ಕೂಲಿಕಾರರ ಪಾಡು ಇನ್ನೂ ಕಷ್ಟ. ಮುಖಕ್ಕೆ ಸುತ್ತಿದ ಟವೆಲ್ ಧೂಳನ್ನು ತಡೆದೀತು, ಈ ಕಣಗಳನ್ನು ತಡೆಯಲಾರದು.

‘ನಮ್ಮ ಹಿರಿಯರೂ ಸುಡುತ್ತಿದ್ದರಲ್ಲವೇ?’ ಎಂದು ಕೇಳುವವರಿದ್ದಾರೆ. ಹಿಂದೆ ರವದಿ ಗುಡಿಸಲಿನ ಹೊದಿಕೆಗೆ, ಬೆಲ್ಲದ ಗಾಣದ ಒಲೆಗೆ, ತಿಪ್ಪೆಗೆ ಸಲ್ಲುತ್ತಿತ್ತು. ಕಬ್ಬಿನ ಕ್ಷೇತ್ರವೂ ಇಷ್ಟು ವಿಸ್ತಾರವಾಗಿರಲಿಲ್ಲ. ಇಂದು ಊರಿಗೆ ಊರೇ ಸುಡುವಾಗ ಹಳೆಯ ಸಮರ್ಥನೆ ನಿಲ್ಲದು. ಸುಡುವುದರಿಂದ ರೈತನಿಗೂ ನಷ್ಟವೇ. ರವದಿಯಲ್ಲಿರುವ ಸಾರಜನಕದ ಬಹುಭಾಗ ಗಾಳಿಪಾಲಾಗುತ್ತದೆ, ಮೇಲ್ಮಣ್ಣಿನ ಸೂಕ್ಷ್ಮಜೀವಿಗಳು ಸಾಯುತ್ತವೆ. ಅದನ್ನೇ ಕೂಳೆ ಬೆಳೆಯ ಸಾಲುಗಳ ನಡುವೆ ಹರಡಿ, ತುಸು ಯೂರಿಯಾ ಮತ್ತು ಕೊಳೆಸುವ ಜೀವಾಣುಗಳನ್ನು ಹಾಕಿ ತೇವ ಕಾಯ್ದುಕೊಂಡರೆ ಕೆಲವು ತಿಂಗಳುಗಳಲ್ಲಿ ಗೊಬ್ಬರವಾಗುತ್ತದೆ. ಅಲ್ಲಿಯವರೆಗೆ ತೇವ ಆರದಂತೆ, ಕಳೆ ಬೆಳೆಯದಂತೆ ಕಾಯುತ್ತದೆ. ಮನೆಯ ತರಗೆಲೆಗೆ ಹಿತ್ತಿಲಿನ ಒಂದು ಗುಂಡಿ ಸಾಕು.

ಹಾಗೆಂದು ರೈತನೊಬ್ಬನನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಆಳುಗಳ ಕೊರತೆ, ಕಟಾವಿನ ಸರದಿಯ ಅನಿಶ್ಚಿತತೆ, ಹಾವಿನ ಭಯ, ಮೈ ಕೊಯ್ಯುವ ಗರಿ, ಇವೆಲ್ಲವೂ ಸೇರಿ ಅವನ ಕೈಗೆ ಬೆಂಕಿಪೆಟ್ಟಿಗೆ ಕೊಡುತ್ತಿವೆ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ವಿಧಿಸಲು ಆದೇಶಿಸಿತು. ಆದರೆ ದಂಡದ ಭಯವೊಂದರಿಂದಲೇ ಹೊಗೆ ಆರದು. ರವದಿ ಪುಡಿಮಾಡುವ ಯಂತ್ರಗಳು ಕಡಿಮೆ ಬಾಡಿಗೆಗೆ ಊರೂರಿಗೆ ದೊರೆಯಬೇಕು. ಕಬ್ಬಿನಿಂದ ಲಾಭ ಪಡೆಯುವ ಕಾರ್ಖಾನೆಗಳು ಆ ವೆಚ್ಚದಲ್ಲಿ ಪಾಲು ವಹಿಸಬೇಕು. ಸುಡದ ಕಬ್ಬನ್ನು ಕಡಿಯುವ ಶ್ರಮಕ್ಕೆ ಹೆಚ್ಚಿನ ಕೂಲಿಯೂ, ಕೈಗವಸು, ಬೂಟುಗಳೂ ದೊರೆಯಬೇಕು.

ಹೊಲಕ್ಕೆ ಬದುವಿದೆ, ಗಾಳಿಗೆ ಬದುವಿಲ್ಲ. ತನ್ನ ಹೊಲದಲ್ಲಿ ಬೆಂಕಿಯಿಡುವ ಹಕ್ಕು ತನ್ನದೆಂದು ಯಾರೂ ಹೇಳುವಂತಿಲ್ಲ; ಆ ಹೊಗೆಯನ್ನು ಉಸಿರಾಡುವ ಕೂಸು ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಬರುವ ಕಟಾವಿಗೆ ಮುನ್ನ ಗ್ರಾಮಸಭೆಗಳು ಈ ಮಾತನ್ನು ಚರ್ಚಿಸಿ ನಿರ್ಣಯಕ್ಕೆ ಬರಲಿ. ಒಂದೊಂದು ಊರಿನಲ್ಲಿ ಹತ್ತು ಹೊಲಗಳು ಸುಡದೆ ಉಳಿದರೂ ಅದು ಒಳ್ಳೆಯ ಆರಂಭ.