ಒಲೆಯ ಪಾಲು, ಮಣ್ಣಿನ ಪಾಲು

ಕೃಷಿ ತ್ಯಾಜ್ಯದಿಂದ ಶಕ್ತಿ ಎಂದೊಡನೆ ನಮ್ಮ ಯೋಜಕರಿಗೆ ಬೃಹತ್ ವಿದ್ಯುತ್ ಸ್ಥಾವರಗಳೇ ಕಣ್ಣಿಗೆ ಕಟ್ಟುತ್ತವೆ. ತುಂಗಭದ್ರೆಯ ದಡದ ಹೊಸಪೇಟೆ, ಹಂಪಿ, ಕಂಪ್ಲಿಗಳ ಗದ್ದೆಗಳು ಬೇರೊಂದು ದಾರಿಯನ್ನು ಸೂಚಿಸುತ್ತವೆ. ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುವ ಈ ಸೀಮೆಯಲ್ಲಿ ಕಬ್ಬು, ಬಾಳೆ, ಭತ್ತ ಮೂರೂ ಉಂಟು. ಮೂರರ ಉಳಿಕೆಗಳ ಗುಣ ಮಾತ್ರ ಬೇರೆ ಬೇರೆ.

ಆಲೆಮನೆಯ ಲೆಕ್ಕವನ್ನೇ ನೋಡೋಣ. ಒಂದು ಟನ್ ಕಬ್ಬು ಅರೆದರೆ ಸುಮಾರು 600 ಕಿಲೋ ರಸ ದೊರೆಯುತ್ತದೆ. ಅದು 100 ಕಿಲೋ ಬೆಲ್ಲವಾಗಲು 500 ಕಿಲೋ ನೀರು ಆವಿಯಾಗಬೇಕು. ಉಳಿಯುವ 400 ಕಿಲೋ ಸಿಪ್ಪೆಯಲ್ಲಿ ಅರ್ಧಕ್ಕೂ ಮಿಕ್ಕಿ ನೀರೇ. ಆದರೂ ಬಿಸಿಲಿಗೆ ಚೆನ್ನಾಗಿ ಒಣಗಿಸಿದರೆ, ಅದರೊಳಗಿನ ಶಾಖ ಈ ಕೆಲಸಕ್ಕೆ ಬೇಕಾದುದರ ಸುಮಾರು ಎರಡು ಪಟ್ಟು. ಒಂದೇ ಕೊಪ್ಪರಿಗೆಯ ಹಳೆಯ ಒಲೆ ಅದರ ಬಹುಪಾಲನ್ನು ಹೊಗೆಯೊಡನೆ ಹೊರಗಟ್ಟುತ್ತದೆ. ಹೊಗೆಯ ಹಾದಿಯಲ್ಲೇ ಎರಡನೆಯ, ಮೂರನೆಯ ಕೊಪ್ಪರಿಗೆಗಳನ್ನಿರಿಸಿ ರಸವನ್ನು ಮೊದಲೇ ಬಿಸಿ ಮಾಡಿದರೆ ಸಿಪ್ಪೆಯಿಂದಲೇ ಬೆಲ್ಲ ಇಳಿಸಬಹುದು.

ಇದು ಬರೀ ಉಳಿತಾಯದ ಮಾತಲ್ಲ. ಉರುವಲು ಸಾಲದಾದಾಗ ರಾಜ್ಯದ ಕೆಲವು ಆಲೆಮನೆಗಳಲ್ಲಿ ಹಳೆಯ ಟೈರು ಉರಿಸಿದ್ದುಂಟು. ಇಲ್ಲವೇ ಕೊಡಲಿ ಕಾಡಿನತ್ತ ತಿರುಗುತ್ತದೆ. ಬಳ್ಳಾರಿ ಸೀಮೆಯ ಗಣಿಗಾರಿಕೆಗೆ 2011ರಲ್ಲಿ ಸುಪ್ರೀಂ ಕೋರ್ಟೇ ತಡೆ ಹಾಕಬೇಕಾಯಿತು. ಅಷ್ಟರಮಟ್ಟಿಗೆ ನಲುಗಿದ ಸಂಡೂರಿನ ಬೆಟ್ಟಗಳ ಮೇಲೆ ಸೌದೆಯ ಹೊರೆಯನ್ನೂ ಹೇರುವುದು ನ್ಯಾಯವಲ್ಲ.

ಬಾಳೆದಿಂಡಿನಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರು. ಅದು ಒಲೆಗೆ ಸಲ್ಲದು. ಕತ್ತರಿಸಿ ಸಗಣಿಯೊಡನೆ ಗೋಬರ್ ಗ್ಯಾಸ್ ತೊಟ್ಟಿಗೆ ಸಲ್ಲುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡವು ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ 1987ರಿಂದ ಸಗಣಿಯ ಅನಿಲದಿಂದ ದೀಪ ಹಚ್ಚಿ, ನೀರೆತ್ತಿ ತೋರಿಸಿತು. ಅಲ್ಲಿ ಸಗಣಿ ಕೊಟ್ಟವರಿಗೆ ಬಗ್ಗಡ ಗೊಬ್ಬರವಾಗಿ ಹಿಂದಿರುಗುತ್ತಿತ್ತು. ಕಮಲಾಪುರದ ಬಾಳೆಕಾಯಿ ಚಿಪ್ಸ್ ಕರಿಯುವ ಬಾಣಲೆಗೆ ಇಂಥ ಅನಿಲ ಏಕಾಗಬಾರದು?

ಭತ್ತದ ತೂಕದಲ್ಲಿ ಐದನೆಯ ಒಂದು ಭಾಗ ಹೊಟ್ಟು. ದನ ತಿನ್ನದ, ಮಣ್ಣಿನಲ್ಲಿ ಬೇಗ ಕರಗದ ಈ ಹೊಟ್ಟು ಅಕ್ಕಿ ಗಿರಣಿಯ ಬಾಯ್ಲರಿಗೆ ತಕ್ಕ ಉರುವಲು. ಆದರೆ ಹುಲ್ಲಿನ ಮಾತು ಬೇರೆ. ಅದಕ್ಕೆ ದನದ ಹಕ್ಕು ಮೊದಲು. ಕಬ್ಬಿನ ರವದಿ ಹೊಲಕ್ಕೆ ಹೊದಿಕೆಯಾಗಬೇಕು. ಉರಿಸಿದರೆ ಸಾರಜನಕವೂ ಇಂಗಾಲವೂ ಗಾಳಿಗೆ ಸೇರುತ್ತವೆ. ಬೂದಿಯಲ್ಲಿ ಪೊಟ್ಯಾಶ್‌ನಂಥ ಖನಿಜಗಳಷ್ಟೇ ಮರಳುತ್ತವೆ. ಹಸಿದ ಸ್ಥಾವರವೊಂದು ಊರ ನಡುವೆ ನಿಂತರೆ ಹುಲ್ಲು, ರವದಿ ಎರಡಕ್ಕೂ ಬೆಲೆ ಕಟ್ಟಿ ಒಯ್ಯುತ್ತದೆ, ಬಡವಾಗುವುದು ಮಣ್ಣು.

ಆದುದರಿಂದ ಸರ್ಕಾರದ ಸಹಾಯಧನ ಮೊದಲು ಆಲೆಮನೆಯ ಒಲೆಗೆ, ಗಿರಣಿಯ ಬಾಯ್ಲರಿಗೆ, ಹಳ್ಳಿಯ ಅನಿಲ ತೊಟ್ಟಿಗೆ ಸಲ್ಲಲಿ. ಉಳಿಕೆ ಹುಟ್ಟಿದಲ್ಲೇ ಶಾಖವಾಗಲಿ, ಆ ಶಾಖದಿಂದಲೇ ಆಹಾರ ಸಿದ್ಧವಾಗಲಿ. ಅಡಿಕೆ ಬೇಯಿಸುವ ಮಲೆನಾಡಿನ ಒಲೆಗಳಿಗೂ ಇದೇ ಲೆಕ್ಕ ಅನ್ವಯ. ದನಕ್ಕೆಷ್ಟು, ಮಣ್ಣಿಗೆಷ್ಟು ಎಂದು ಕೇಳಿದ ಮೇಲೆ ಉಳಿದುದು ಮಾತ್ರ ಒಲೆಯ ಪಾಲು.